ಮಾವನವರ 35 ಸೆಂಟ್

ನಮ್ಮ ಮಾವನವರು ಹಾಡಲು ಕುಳಿತರೆ ಶ್ರುತಿಪೆಟ್ಟಿಗೆ ಒಂದು ಕಡೆ, ಅವರು ಇನ್ನೊಂದು ಕಡೆ. ಅಂತರ ದೊಡ್ಡದೇನಲ್ಲ. ಹಾರ್ಮೋನಿಯಮ್ಮಿನ ಬಿಳಿ ಪಟ್ಟಿಗೂ ಪಕ್ಕದ ಕರಿ ಪಟ್ಟಿಗೂ ನಡುವೆ 100 ಸೆಂಟ್ ಎಂದು ಸ್ವರದ ಅಂತರ ಅಳೆಯುವವರ ಲೆಕ್ಕ. ಇವರು ಮೇಲಿನ ಷಡ್ಜಕ್ಕೆ 35 ಸೆಂಟ್ ಕೆಳಗೇ ನಿಂತು, ತಲುಪಿದ ತೃಪ್ತಿಯಲ್ಲಿ ಕಣ್ಣು ಮುಚ್ಚುತ್ತಾರೆ. ಮುಂಬೈಯ ದಾದರಿನಲ್ಲಿ ಲೋಕಲ್ ಹತ್ತಿ ಡೊಂಬಿವಲಿಗೆ ಹೊರಟವರು ಒಂದು ಸ್ಟೇಷನ್ ಮೊದಲೇ, ಕೋಪರ್‌ನಲ್ಲೇ ಇಳಿದ ಹಾಗೆ.

ರಾಜ್ಯೋತ್ಸವಕ್ಕೆ ಸಂಘದವರು ಅವರ ದೇವರನಾಮದ ಧ್ವನಿಮುದ್ರಿಕೆ ಕೇಳಿದರು. ಮೈಕು, ಲ್ಯಾಪ್‌ಟಾಪ್ ಎರಡೂ ನನ್ನ ಬಳಿ ಇವೆ. ಅಳಿಯನಾದವನು ಇಂಥ ಸಾಮಾನು ಇಟ್ಟುಕೊಳ್ಳಬಾರದು.

ಸ್ಟುಡಿಯೋ ಎಂದರೆ ಹೆಂಡತಿಯ ಬೀರು. ತೂಗುಹಾಕಿದ ಸೀರೆಗಳು ಕೋಣೆಯ ಪ್ರತಿಧ್ವನಿಯನ್ನು ನುಂಗುತ್ತವೆ. ಬಾಗಿಲು ತೆರೆದು ಮಾವನವರನ್ನು ಕಾಂಚೀಪುರಗಳ ಎದುರು ನಿಲ್ಲಿಸಿ ಫ್ಯಾನ್ ಆರಿಸಿದೆ. ಅಕ್ಟೋಬರಿನ ಸೆಕೆಗೆ ಅವರು ಅಂಗಿ ಕಳಚಿ ಬನಿಯನ್ನಿನಲ್ಲೇ ಆಲಾಪಕ್ಕೆ ಇಳಿದರು. ತಂಬೂರಿ ಕೇಳಲೆಂದು ಎರಡೂ ಕಿವಿಗೆ ಹೆಡ್‌ಫೋನ್ ಹಾಕಿದರೆ ತಮ್ಮ ದನಿ ತಮಗೇ ಸರಿಯಾಗಿ ಕೇಳದೆ ಶ್ರುತಿ ಇನ್ನೂ ಜಾರಿತು. ಒಂದು ಕಿವಿ ತೆರೆದಿಡಿ ಎಂದೆ. ತೆರೆದ ಕಿವಿಗೆ ರೈಲಿನ ಹಾರನ್ ಬಿದ್ದಿತು. ಅದರ ಶ್ರುತಿ ಮಾತ್ರ ಕರಾರುವಾಕ್ಕಾಗಿ ಹಿಡಿದರು. ಆರು ಸಲ ಹಾಡಿಸಿ, ಒಳ್ಳೆಯ ಸಾಲುಗಳನ್ನಷ್ಟೇ ಆರಿಸಿ ಹೊಲಿದೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ತಿದ್ದುವ ಕಳ್ಳ ಕೆಲಸ. 1997ರಲ್ಲಿ ಹಾಡಿನ ಶ್ರುತಿ ತಿದ್ದುವ ತಂತ್ರಾಂಶ ಆಟೋ-ಟ್ಯೂನ್ ತಂದ ಆಂಡಿ ಹಿಲ್ಡಬ್ರಾಂಡ್ ಅದಕ್ಕೂ ಮೊದಲು ಭೂಮಿಯೊಳಗಿನ ಕಂಪನಗಳ ಲೆಕ್ಕ ಹಾಕಿ ತೈಲ ಹುಡುಕುವ ಕಸುಬಿನಲ್ಲಿದ್ದವರು. ನೆಲದಡಿಯ ಎಣ್ಣೆಯಾದರೂ ಸಿಕ್ಕೀತು, ಮಾವನವರ ಷಡ್ಜ? ತಿದ್ದುವ ವೇಗವನ್ನು ಸೊನ್ನೆ ಮಿಲಿಸೆಕೆಂಡಿಗೆ, ಅಂದರೆ ಕ್ಷಣವೂ ಕಾಯದೆ ತಿದ್ದುವಂತೆ, ಇಟ್ಟು ನೋಡಿದೆ. ಸ್ವರವನ್ನು ತೂಗಿ ಜಾರಿಸುವ ಗಮಕಗಳೆಲ್ಲ ಮೆಟ್ಟಿಲುಗಳಾಗಿ, ಮುಂದಿನ ಸ್ಟೇಷನ್ ಯಾವುದೆಂದು ಸಾರುವ ಯಂತ್ರವೇ ದೇವರನ್ನು ಕರೆದಂತೆ ಕೇಳಿಸಿತು. ಅದನ್ನು ಅಳಿಸಿ, ಕೈಯಿಂದಲೇ ಒಂದೊಂದು ಸ್ವರ ಹಿಡಿದೆ. ಉದ್ದನೆಯವನ್ನು ಮಾತ್ರ ಎತ್ತಿದೆ, ಅದೂ 25 ಸೆಂಟ್ ಅಷ್ಟೆ. ಉಳಿದ ಹತ್ತು ಮನುಷ್ಯ ಹಾಡಿದ್ದಕ್ಕೆ ಸಾಕ್ಷಿಯಾಗಿ ಇರಲಿ. ಗಮಕದ ತಂಟೆಗೆ ಹೋಗಲಿಲ್ಲ. ಮುಗಿದಾಗ ಹಾಲಿನವನು ಬೆಲ್ ಒತ್ತಿದ.

ಕಾಫಿಯ ಜೊತೆ ಕೇಳಿಸಿದೆ. ಮಾವನವರು ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಿದರು. ಮೇಲಿನ ಷಡ್ಜ ಬಂದಾಗ ತಾಳ ನಿಂತಿತು. ನನ್ನ ಎದೆಯೂ.

"ಅಳಿಯಂದಿರೇ, ಇಲ್ಲಿ ತಂಬೂರಿ ನನಗಿಂತ ಒಂದು ಕೂದಲೆಳೆ ಮೇಲಿದೆ. ಅದನ್ನು ತಿದ್ದುವ ಉಪಾಯವೇನಾದರೂ ಇದೆಯೇ?"

ಇದೆ ಎಂದೆ. ತಂಬೂರಿಯನ್ನು 10 ಸೆಂಟ್ ಇಳಿಸಿದೆ. ಈಗ ಇಬ್ಬರೂ ಕೋಪರ್‌ಗೂ ಡೊಂಬಿವಲಿಗೂ ನಡುವೆ, ಹಳಿಯ ಮೇಲೆ ಒಟ್ಟಿಗೆ ನಿಂತಿದ್ದಾರೆ.