ಬಿಸಿಲಿಗೆ ಡೇರಿ ಯಾಕಿಲ್ಲ?

ನಿನ್ನೆ ಬೆಂಗಳೂರಿನ ಒಂದು ಎಸಿ ಹಾಲ್. ಪರದೆ ಮೇಲೆ ಪಾವಗಡದ ಸೋಲಾರ್ ಪಾರ್ಕ್, ಡ್ರೋನಿನಿಂದ ತೆಗೆದದ್ದು. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಚಪ್ಪಾಳೆ. "ಇದರಿಂದ ಎಲ್ಲರಿಗೂ ಲಾಭವಾಗಿದೆ" ಅಂದರು ಭಾಷಣಕಾರರು. ನನಗೆ ಪಿತ್ತ ನೆತ್ತಿಗೇರಿತು.

ಎಲ್ಲರೂ ಅಂದರೆ ಯಾರು ಸ್ವಾಮಿ? ಅಲ್ಲಿ ಭೂಮಿ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ನಂಬಿ ಕಡ್ಲೆಕಾಯಿ ಹಾಕಿ ಕೈ ಸುಟ್ಟುಕೊಂಡವರಿಗೆ ಒಳ್ಳೆಯ ದುಡ್ಡೇ. ನಾನೂ ಸಾಚಾ ಅಲ್ಲ. ನಮ್ಮ ಮಾವನವರ ಆರು ಎಕರೆ ಅದರೊಳಗಿದೆ. ನಾದಿನಿ ಮದುವೆಗೆ ಚಪ್ಪರ ಎದ್ದದ್ದು ಆ ದುಡ್ಡಿನಲ್ಲೇ. ಹೋಳಿಗೆ ನಾನೂ ತಿಂದಿದ್ದೇನೆ.

ಆದರೆ ಆ ಆರು ಎಕರೆಯಲ್ಲಿ ಕಳೆ ಕೀಳುತ್ತಿದ್ದವರು, ಕಾಯಿ ಬಿಡಿಸುತ್ತಿದ್ದವರು? ಪಹಣಿಯಲ್ಲಿ ಹೆಸರಿಲ್ಲ, ಹಾಗಾಗಿ ಗುತ್ತಿಗೆ ದುಡ್ಡೂ ಇಲ್ಲ. ಇದ್ದ ಕೂಲಿಯೂ ಹೋಯಿತು. ಕುರಿಯವರ ಪಾಲಿಗೆ ಬೇಲಿ ಬಂತು.

ಹಾಲಿಗೆ ಹೀಗಾಗಲಿಲ್ಲ ಅಲ್ವಾ? ಗೇಣು ಜಮೀನಿಲ್ಲದವರೂ ಒಂದು ಹಸು ಕಟ್ಟಿ, ಬೆಳಗ್ಗೆ ಎರಡು ಲೀಟರ್ ಡೇರಿಗೆ ಹಾಕಿ, ಸಂಘದಲ್ಲಿ ವೋಟೂ ಹಾಕುತ್ತಾರೆ. 1905ರಲ್ಲೇ ಗದಗದ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಬಿಸಿಲಿಗೊಂದು ಡೇರಿ ಕಟ್ಟೋಕೆ ಏನು ಧಾಡಿ?

ಗುಜರಾತಿನ ಖೇಡಾ ಜಿಲ್ಲೆಯ ಧುಂಡಿಯಲ್ಲಿ ಆರೇ ಜನ ರೈತರು ಸಂಘ ಮಾಡಿಕೊಂಡು, ಸೋಲಾರ್ ಪಂಪಿನಿಂದ ನೀರೆತ್ತಿ, 2016ರ ಹೊತ್ತಿಗೆ ಮಿಕ್ಕ ಕರೆಂಟನ್ನು ಗ್ರಿಡ್ಡಿಗೆ ಮಾರತೊಡಗಿದರು. ಕರೆಂಟಿಗೆ ಕಾಸು ಬರುವಾಗ ಸುಮ್ನೆ ಬೋರ್ ಓಡಿಸಲು ಯಾರಿಗೆ ಮನಸ್ಸಾಗುತ್ತೆ? ಅಂತರ್ಜಲವೂ ಉಳಿಯಲಿ ಅನ್ನೋದು ಅದರ ಹಿಂದಿನ ಲೆಕ್ಕ. ಅವರೂ ಜಮೀನಿದ್ದವರೇ, ನಿಜ. ನಾವು ಜಮೀನಿಲ್ಲದವರನ್ನೂ ಸೇರಿಸಿಕೊಂಡರೆ ಬೇಡ ಅನ್ನುವವರು ಯಾರು?

"ಸಂಘ ಅಂದ್ರೆ ಬರೀ ರಾಜಕೀಯ" ಎಂದು ಬರೆಯಲು ಬೆರಳು ತುರಿಸುತ್ತಿರುವವರೇ, ಗೊತ್ತು. ನಮ್ಮೂರ ಡೇರಿ ಎಲೆಕ್ಷನ್ನಿನಲ್ಲಿ ಅಣ್ಣತಮ್ಮಂದಿರೇ ಮಾತು ಬಿಟ್ಟಿದ್ದಾರೆ. ಆದರೂ ಹಾಲಿನ ಬಟವಾಡೆ ನಿಂತಿಲ್ಲ. ಡೇರಿ ಅಧ್ಯಕ್ಷ ತಿಂದರೆ ಬೀದಿಯಲ್ಲಿ ಅಡ್ಡ ಹಾಕಿ ಕೇಳಬಹುದು. ಕಂಪನಿ ಅಧ್ಯಕ್ಷರನ್ನು ಯಾವ ಬೀದಿಯಲ್ಲಿ ಅಡ್ಡ ಹಾಕೋದು?

2,050 ಮೆಗಾವ್ಯಾಟನ್ನೂ ಸಂಘಗಳೇ ಕಟ್ಟಲಿ ಅನ್ನುತ್ತಿಲ್ಲ. ಪಾರ್ಕ್ ಹರಡಿರೋದು ಐದು ಊರುಗಳಲ್ಲಿ. ಊರಿಗೊಂದು ಸಂಘ, ಒಂದಿಷ್ಟು ಪ್ಯಾನಲ್, ಕೂಲಿಯವರಿಗೂ ಷೇರು.

ಊಟದ ಹೊತ್ತಿಗೆ ಭಾಷಣಕಾರರನ್ನು ಹಿಡಿದು ಇದನ್ನೇ ಕೇಳಿದೆ. "ಗುಡ್ ಪಾಯಿಂಟ್ ಸರ್" ಅಂದರು. ತಟ್ಟೆ ತಗೊಂಡು ಪಲಾವ್ ಕಡೆ ಹೋದರು.