ಹಳ್ಳದ ನಕ್ಷೆ ಭೂಬಳಕೆಗೆ ಕಡ್ಡಾಯವಾಗಬೇಕೇ?

ಪರ: ನಿವೇಶನಕ್ಕೆ ಮೊದಲು ನೀರಿನ ದಾರಿ

ಬೆಳಗಾವಿಯ ಬಳ್ಳಾರಿ ನಾಲಾ ಎಂಬ ಹಳ್ಳ ತುಂಬಿ ಹರಿಯುವ ದಿನ ಶಹಾಪುರ, ವಡಗಾವಿ ಭಾಗದ ಗದ್ದೆಗಳ ಬದುವಿನ ಮೇಲೆ ನಿಂತು ನೋಡಬೇಕು. ನೀರು ನಾಲಾದೊಳಗೆ ಇರುವುದಿಲ್ಲ, ಭತ್ತದ ಮೇಲೆ ಇರುತ್ತದೆ. ಬೆಳಗಾವಿ ಬಾಸುಮತಿ ಎಂದು ಹೆಸರಾದ ಅಕ್ಕಿಯ ಬಯಲು ಇದು. ಪೈರು ಮುಳುಗಿ ಕೊಳೆತರೆ ರೈತ ಬೀಜ, ಗೊಬ್ಬರ, ಆಳು ಎಲ್ಲಕ್ಕೂ ಮತ್ತೆ ಸಾಲ ಹುಡುಕಬೇಕು. ಮಾರ್ಕಂಡೇಯ ನದಿಯನ್ನು ಸೇರಬೇಕಾದ ಈ ನಾಲಾ ಹೂಳು, ಅಂತರಗಂಗೆ, ಒತ್ತುವರಿ ಮತ್ತು ನಗರದ ಕೊಳಚೆಯ ನಡುವೆ ನುಸುಳಿಕೊಂಡು ಹೋಗಬೇಕಾಗಿದೆ. 2019ರ ಆಗಸ್ಟ್‌ನಲ್ಲಿ ಊರೊಳಕ್ಕೆ ನುಗ್ಗಿದ ನೀರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಳ್ಳಗಳು ದಾಖಲೆಯಲ್ಲೇ ಇಲ್ಲವೆಂದಲ್ಲ. ಗ್ರಾಮ ನಕ್ಷೆಯಲ್ಲಿ ದೊಡ್ಡ ಹಳ್ಳಕ್ಕೆ ಎರಡು ಗೆರೆ, ಸಣ್ಣದಕ್ಕೆ ಒಂದೇ ಗೆರೆ. ಆ ಒಂಟಿ ಗೆರೆಗೆ ಅಗಲವಿಲ್ಲ. ಅದಕ್ಕೇ ಎಲ್ಲಕ್ಕಿಂತ ಮೊದಲು ಮುಚ್ಚಿಹೋಗುವುದು ಅದು. ಐವತ್ತು ಸಾವಿರಕ್ಕೆ ಒಂದರ ಪ್ರಮಾಣದ ಭೂಪಟದಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ಇಪ್ಪತ್ತು ಅಡಿಯ ಹಳ್ಳ ಅಲ್ಲಿ ಕೂದಲೆಳೆಯಷ್ಟಾಗುತ್ತದೆ. ಇಂಥ ಹಾಳೆಯ ಮೇಲೆ ವಸತಿ ವಲಯದ ಹಳದಿ ಬಣ್ಣ ಬಳಿದರೆ ಕೆಳಗೆ ಏನಿತ್ತೆಂದು ಯಾರಿಗೂ ಕಾಣುವುದಿಲ್ಲ.

ಆದ್ದರಿಂದ ನಾನು ಕೇಳುವುದು ಸರ್ವೇ ನಂಬರಿನ ಮಟ್ಟದ ನಕ್ಷೆ. ನೆಲದ ಏರಿಳಿತವನ್ನು ಅಳೆದು ನೀರು ಹರಿಯುವ ದಾರಿಯನ್ನು ಗಣಕಯಂತ್ರದಿಂದ ತೆಗೆಯಬಹುದು. ಆದರೆ ಅದನ್ನು ಮಳೆಗಾಲದಲ್ಲಿ ಆ ಊರಿನ ರೈತರ ಜೊತೆ ನಡೆದು ತಾಳೆ ನೋಡಬೇಕು. ಒರತೆ, ಜವುಗು, ಬೇಸಿಗೆಯಲ್ಲೂ ಬತ್ತದ ಮಡು, ಮೊದಲ ಪ್ರವಾಹಕ್ಕೆ ಎದುರಾಗಿ ಈಜಿ ಬಂದು ಮೀನು ಮೊಟ್ಟೆಯಿಡುವ ಎಡೆ, ಇವೆಲ್ಲ ಗುರುತಾಗಬೇಕು. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ದಾರಿಯುದ್ದಕ್ಕೂ ಇಂಥ ಹಳ್ಳಗಳಿಂದಲೇ ನದಿಯಾಗುತ್ತಾಳೆ. 2017ರ ಜೌಗು ಪ್ರದೇಶ ನಿಯಮಗಳು ನದಿಪಾತ್ರವನ್ನೂ ಭತ್ತದ ಗದ್ದೆಯನ್ನೂ ನೀರಾವರಿಗೆಂದು ಕಟ್ಟಿದ ಕೆರೆಯನ್ನೂ ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಉಳಿಯುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ತಯಾರಾಗುವ ಮಹಾಯೋಜನೆ (ಮಾಸ್ಟರ್ ಪ್ಲಾನ್) ಒಂದೇ. ಹಳ್ಳದ ನಕ್ಷೆ ಅದರೊಳಗೆ ಸೇರದಿದ್ದರೆ, ಬಡಾವಣೆಗೆ ಒಪ್ಪಿಗೆ ಕೊಡುವ ಮೇಜಿನ ಮೇಲೆ ನಾಲಾದ ಪರವಾಗಿ ಮಾತನಾಡುವ ಒಂದು ಕಾಗದವೂ ಇರುವುದಿಲ್ಲ.

ವಿರೋಧ: ಗೆರೆ ಬೀಳುವುದು ಯಾರ ಹೊಲದ ಮೇಲೆ?

‘ಡೋಣಿ ಬೆಳೆದರೆ ಓಣೆಲ್ಲ ಕಾಳು’ ಎಂದು ವಿಜಯಪುರದವರು ಹೇಳುತ್ತಾರೆ. ಡೋಣಿ ಎರೆ ಭೂಮಿಯ ನದಿ. ಪಾತ್ರದಲ್ಲಿ ಹೂಳು ತುಂಬಿದೆ, ಜಾಲಿ ಬೆಳೆದಿದೆ. ಒಂದು ಜೋರು ಮಳೆಗೆ ನೀರು ದಂಡೆ ಬಿಟ್ಟು ಹೊಲಗಳ ಮೇಲೆ ಹರಡುತ್ತದೆ. ಇಂದಿನ ಈ ಹರವನ್ನೇ ನದಿಯೆಂದು ಬರೆದರೆ, ಹೂಳು ತೆಗೆಯದವರ ತಪ್ಪಿಗೆ ನಾಲ್ಕು ಎಕರೆಯವನ ಉತಾರ (ಪಹಣಿ) ದಂಡ ತೆರುತ್ತದೆ. ‘ಸೂಕ್ಷ್ಮ ಪ್ರದೇಶ’ ಎಂಬ ಮಾತು ಹೊಲದ ದಾಖಲೆಗೆ ಹತ್ತಿದ ದಿನದಿಂದ ಬೆಲೆ ಕುಸಿಯುತ್ತದೆ, ಬ್ಯಾಂಕು ಹಿಂದೇಟು ಹಾಕುತ್ತದೆ. ಸರ್ಕಾರ ಭೂಸ್ವಾಧೀನ ಮಾಡಿಲ್ಲವಾದ್ದರಿಂದ ಪರಿಹಾರವೂ ಇಲ್ಲ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟವರ ಜಿಲ್ಲೆಗಳಿವು. ಮುಳುಗಡೆಯವರಿಗೆ ಕೊನೆಗೆ ಪರಿಹಾರವೆಂಬ ಹೆಸರಾದರೂ ಇತ್ತು. ನಕ್ಷೆಯಲ್ಲಿ ಮುಳುಗುವವನಿಗೆ ಅದೂ ಇರುವುದಿಲ್ಲ.

ಇದಕ್ಕಿಂತ ನನ್ನನ್ನು ಕಾಡುವುದು ನಕ್ಷೆಯಲ್ಲಿ ಖಾಲಿ ಉಳಿಯುವ ಜಾಗ. ಕಡ್ಡಾಯ ನಕ್ಷೆ ಬಂದಮೇಲೆ ಅದರಲ್ಲಿ ಇಲ್ಲದ ಹಳ್ಳ ಕಾನೂನಿನ ಕಣ್ಣಿಗೂ ಇಲ್ಲ. ಬರಗಾಲದ ವರ್ಷ ಅಳತೆಗೆ ಬಂದವರಿಗೆ ನಮ್ಮ ಕಡೆ ಎಷ್ಟು ಹಳ್ಳ ಕಂಡಾವು? ಆದಿಲ್‌ಶಾಹಿ ಕಾಲದಲ್ಲಿ ತೊರವಿಯಿಂದ ಸುರಂಗದಲ್ಲಿ, ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ವಿಜಯಪುರಕ್ಕೆ ನೀರು ಬರುತ್ತಿತ್ತು. ನೆಲದಡಿಯ ಆ ದಾರಿ ಯಾವ ಉಪಗ್ರಹಕ್ಕೂ ತಾನಾಗಿ ಕಾಣದು. ಮೀನಿನ ಮಡುಗಳ ಗುರುತನ್ನು ಎಲ್ಲರ ಮೊಬೈಲಿಗೆ ಇಟ್ಟರೆ ಅದನ್ನು ಮೊದಲು ತೆರೆಯುವವರು ಸಿಡಿಮದ್ದು ಹಾಕಿ ಮೀನು ಹಿಡಿಯುವವರೂ ಆಗಬಹುದು.

ಬೆಂಗಳೂರಿನ ಕೆರೆ, ರಾಜಕಾಲುವೆಗಳಿಗೆ ಹಸಿರು ನ್ಯಾಯಮಂಡಳಿ 2016ರಲ್ಲಿ ಹೆಚ್ಚಿಸಿದ, ಕಟ್ಟಡ ಕಟ್ಟಬಾರದ ಮೀಸಲು ಅಂತರವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ರದ್ದುಪಡಿಸಿತು. ರಾಜಧಾನಿಯಲ್ಲೇ ನಿಲ್ಲದ ಗೆರೆ ಇಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಬಲ್ಲವರ ಮುಂದೆ ನಿಲ್ಲದು, ವಕೀಲನಿಗೆ ಕೊಡಲು ದುಡ್ಡಿಲ್ಲದವನ ಹೊಲದಲ್ಲಿ ಮಾತ್ರ ನಿಲ್ಲುತ್ತದೆ ಎಂಬುದು ನನ್ನ ಭಯ.

ನೀರಿಗೆ ದಾರಿ ಬೇಡವೆಂದು ನಾನು ಹೇಳುತ್ತಿಲ್ಲ. 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ, ಖಾಸಗಿ ಸ್ವತ್ತೆಂದು ಸಿದ್ಧವಾಗದ ಹಳ್ಳ, ನಾಲಾ, ಕೆರೆಗಳೆಲ್ಲ ಸರ್ಕಾರದವು ಎಂದು ಆಗಲೇ ಹೇಳಿದೆ. ಹಳೆಯ ಗ್ರಾಮ ನಕ್ಷೆಯ ಆ ಎರಡು ಗೆರೆಗಳಿಗೆ ಈ ಬೇಸಿಗೆಯಲ್ಲೇ ಹದ್ದುಗಲ್ಲು ನೆಡಲಿ, ಊರಿನವರ ಎದುರಿಗೆ. ಕೆಲಸ ಕಾಂಪೌಂಡು ಕಟ್ಟಿಕೊಂಡ ದೊಡ್ಡ ಒತ್ತುವರಿಯಿಂದ ಶುರುವಾಗಲಿ. ಡೋಣಿಯ ಹೂಳು ತೆಗೆದ ಮೇಲೆ ಅದರ ಅಗಲ ಎಷ್ಟೆಂದು ಅಳೆಯಲು ಬನ್ನಿ. ಹಗ್ಗದ ಇನ್ನೊಂದು ತುದಿಯನ್ನು ನಾವೇ ಹಿಡಿಯುತ್ತೇವೆ.