ಫೈಕಸ್ ಮರದ ಕಪ್ಪು ಥ್ರಿಪ್ಸ್ ಕಾಫಿಗೆ ಬರುವುದಿಲ್ಲ: ಸ್ಪಷ್ಟನೆ

‘ಮೆಣಸಿನಕಾಯಿ ಬೆಳೆ ಹಾಳು ಮಾಡಿದ ಕಪ್ಪು ಥ್ರಿಪ್ಸ್ ಈಗ ಫೈಕಸ್ ಮರಗಳಿಗೆ ಬಂದಿದೆ, ಮುಂದಿನ ಸರದಿ ಕಾಫಿ, ಮರ ಕಡಿದು ಸುಡಿ’ ಎಂಬ ಸಂದೇಶ ಫೋಟೊ ಸಮೇತ ಚಿಕ್ಕಮಗಳೂರಿನ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಥ್ರಿಪ್ಸ್ ಎಂದರೆ ಎಲೆಯ ರಸ ಹೀರುವ ಪುಟ್ಟ ಕೀಟ; ಫೈಕಸ್ ಎಂದರೆ ಆಲ, ಅತ್ತಿಗಳ ಬಳಗದ ಮರ. ಈ ಸಂದೇಶ ತಪ್ಪು. ದಯವಿಟ್ಟು ಯಾರೂ ಮರಕ್ಕೆ ಕೊಡಲಿ ಹಾಕಬೇಡಿ.

ಫೋಟೊದಲ್ಲಿರುವುದು ಫೈಕಸ್ ಬೆಂಜಮಿನಾ ಎಂಬ ಅಲಂಕಾರಿಕ ಮರದ ಎಳೆ ಎಲೆಗಳನ್ನು ನಡುನರದ ಗುಂಟ ಮಡಚುವ ‘ಗೈನೈಕೋಥ್ರಿಪ್ಸ್ ಉಜೆಲಿ’ ಎಂಬ ಥ್ರಿಪ್ಸ್. 1900ರಲ್ಲೇ ಹೆಸರು ಪಡೆದ ಕೀಟ, ಹೊಸದೇನಲ್ಲ. ಇದು ಫ್ಲಿಯೋಥ್ರಿಪಿಡೇ ಕುಟುಂಬದ್ದು. ಮೆಣಸಿನಕಾಯಿಗೆ ಬರುವ ‘ಥ್ರಿಪ್ಸ್ ಪಾರ್ವಿಸ್ಪೈನಸ್’ ಥ್ರಿಪಿಡೇ ಕುಟುಂಬದ್ದು; ಕುಟುಂಬಕ್ಕಿಂತ ಮೇಲಿನ ಹಂತವಾದ ಉಪಗಣವೇ ಬೇರೆ. ಎರಡೂ ಕಪ್ಪಗಿವೆ ಎಂಬುದಷ್ಟೇ ಗೊಂದಲಕ್ಕೆ ಕಾರಣ.

ಮಡಚಿದ ಎಲೆಯೊಂದನ್ನು ಬಿಡಿಸಿ ಭೂತಗನ್ನಡಿ ಹಿಡಿಯಿರಿ. ಸುಮಾರು 3 ಮಿ.ಮೀ. ಉದ್ದದ ಕರಿ ಕೀಟದ ಹಿಂಬದಿ ಕೊಳವೆಯಂತೆ ಚೂಪಾಗಿರುತ್ತದೆ, ರೆಕ್ಕೆಗಳು ಬೆನ್ನ ಮೇಲೆ ಒಂದರ ಮೇಲೊಂದು ಕೂತಿರುತ್ತವೆ. ಪಕ್ಕದಲ್ಲೇ ಬಿಳಿ ಮೊಟ್ಟೆಗಳು, ತಿಳಿಹಳದಿ ಮರಿಗಳು. ಮೊಟ್ಟೆ ಎಲೆಯ ಮೇಲೆಯೇ ಬಿದ್ದಿರುತ್ತವೆ. ಮೆಣಸಿನಕಾಯಿಯ ಥ್ರಿಪ್ಸ್ ಗಾತ್ರ ಸುಮಾರು 1 ಮಿ.ಮೀ.; ಅದಕ್ಕೆ ಗರಗಸದಂಥ ಅಂಗವಿದ್ದು, ಮೊಟ್ಟೆಯನ್ನು ಎಲೆಯೊಳಗೇ ತೂರಿಸುತ್ತದೆ.

ಉಜೆಲಿ ಬದುಕುವುದು ಮುಖ್ಯವಾಗಿ ಫೈಕಸ್ ಬೆಂಜಮಿನಾದ ಮೇಲೆ. ಕಾಫಿ ಅದರ ಆಹಾರವಲ್ಲ. ಕಾಳುಮೆಣಸಿನ ಎಲೆಯಂಚು ಸುರುಳಿಸುವ ಲಿಯೋಥ್ರಿಪ್ಸ್ ಕಾರ್ನಿ ಇದೇ ಕುಟುಂಬದ ಬೇರೆ ಪ್ರಭೇದ, ಅದೂ ಫೈಕಸ್‌ನಿಂದ ಬಂದದ್ದಲ್ಲ.

ಅಂದ ಕೆಡುತ್ತದೆ ನಿಜ, ಆದರೆ ಬೆಳೆದ ಮರ ಸಾಯುವುದಿಲ್ಲ. ಮಡಚಿದ ಕುಡಿಗಳನ್ನು ಸವರಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ ವಿಲೇವಾರಿ ಮಾಡಿದರೆ ಸಾಕು.